ಮ್ಯಾರಥಾನ್ ಓಡಿದರೆ ಟ್ರ್ಯಾಕ್ ಕೆಡುತ್ತಾ?

"ಮ್ಯಾರಥಾನ್ ಓಡಿದಾಂವ ಮತ್ತ ಟ್ರ್ಯಾಕಿಗೆ ಬರೂದಿಲ್ಲ." ಬೆಳಗ್ಗೆ ಐದೂವರೆಗೆ ವಿಜಯಪುರದ ಕ್ರೀಡಾಂಗಣಕ್ಕೆ ಬಂದರೆ ಈ ಮಾತು ಯಾರಾದರೂ ಒಬ್ಬರ ಬಾಯಲ್ಲಿ ಇದ್ದೇ ಇರುತ್ತದೆ. ಹೇಳುವವರಲ್ಲಿ ಹೆಚ್ಚಿನವರು ಮ್ಯಾರಥಾನೂ ಓಡಿದವರಲ್ಲ, ಟ್ರ್ಯಾಕಿನಲ್ಲೂ ಓಡಿದವರಲ್ಲ. ಪೊಲೀಸ್ ಕಾನ್‌ಸ್ಟೆಬಲ್ ಭರ್ತಿಗೆ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕಲ್ಲ, ಅದಕ್ಕೆ ತಯಾರಿ ನಡೆಸಿರುವ ಹುಡುಗರು. ಆದರೆ ಮಾತು ಮಾತ್ರ ಶಾಸನ ಓದಿದ ಹಾಗೆ ಬರುತ್ತದೆ.

ನಾನು ಪಿಟಿ ಮಾಸ್ತರ. ಜೊತೆಗೆ ಅಥ್ಲೆಟಿಕ್ಸ್ ಕೂಟಗಳಿಗೆ ಅಧಿಕಾರಿಯಾಗಿ ಹೋಗುತ್ತೇನೆ. ಅಧಿಕಾರಿ ಅಂದ ಕೂಡಲೇ ದೊಡ್ಡದೇನೋ ಅಂದುಕೊಳ್ಳಬೇಡಿ. ನನಗೆ ಸಿಗೋದು ಲ್ಯಾಪ್, ಅಂದರೆ ಟ್ರ್ಯಾಕಿನ 400 ಮೀಟರಿನ ಸುತ್ತು, ಎಣಿಸುವ ಕೆಲಸ. 5000 ಮೀಟರ್ ಅಂದರೆ ಹನ್ನೆರಡೂವರೆ ಸುತ್ತು, 10,000 ಅಂದರೆ ಇಪ್ಪತ್ತೈದು. ಒಬ್ಬ ಎಣಿಸುವವನಿಗೆ ನಾಲ್ಕಕ್ಕಿಂತ ಜಾಸ್ತಿ ಓಟಗಾರರನ್ನು ಕೊಡಬಾರದು ಅಂತ ನಿಯಮ. ಕೈಯಲ್ಲಿ ಪ್ಯಾಡ್, ಅದರ ಮೇಲೆ ಮನೆ ಮನೆ ಗೆರೆ ಎಳೆದ ಶೀಟ್. ನಮ್ಮ ಪಾಲಿನ ಓಟಗಾರ ಗೆರೆ ದಾಟಿದಾಗ ಪಕ್ಕದಲ್ಲಿ ವಾಚ್ ಹಿಡಿದವರು ಕೂಗುವ ಸಮಯವನ್ನು ಅವನ ಮನೆಯಲ್ಲಿ ಬರೆಯಬೇಕು. ತಲೆ ಎತ್ತಿ ಓಟ ನೋಡಲಿಕ್ಕೂ ಪುರುಸೊತ್ತಿಲ್ಲ. ಹಾಗಾಗಿ ಈ ಕೆಲಸಕ್ಕೆ ಯಾರೂ ಮುಂದೆ ಬರೋದಿಲ್ಲ. ನನಗೆ ಇಷ್ಟ. ಪೇಪರಿನಲ್ಲಿ ಬರೋದು ಒಟ್ಟು ಸಮಯ. ಆ ಸಮಯ ಎಲ್ಲೆಲ್ಲಿ ಖರ್ಚಾಯಿತು ಅನ್ನೋದು ನನ್ನ ಶೀಟಿನಲ್ಲಿರುತ್ತದೆ. ಕೂಟ ಮುಗಿದ ಮೇಲೆ ಶೀಟ್ ಒಪ್ಪಿಸುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳುತ್ತೇನೆ.

ಈ ಪೋಸ್ಟ್ ಬರೆಯೋಕೆ ಕಾರಣ ಸಿಂದಗಿ ಕಡೆಯ ಒಬ್ಬ ಹುಡುಗ. ವಯಸ್ಸು 22, ಡಿಗ್ರಿ ಓದುತ್ತಾನೆ, ಬೆಳಗ್ಗೆ ನನ್ನ ಹತ್ತಿರ ಓಡುತ್ತಾನೆ. 5000 ಮೀಟರಿಗೆ 14 ನಿಮಿಷ 48 ಸೆಕೆಂಡು. ದೇಶದ ಮಟ್ಟದಲ್ಲಿ ಇದು ದೊಡ್ಡ ಸಮಯವೇನಲ್ಲ, ನಮ್ಮ ಜಿಲ್ಲೆಯ ಮಟ್ಟಿಗೆ ಚೆನ್ನಾಗಿದೆ. ಹೋದ ತಿಂಗಳು ಬಂದು, "ಸರ, ಜನವರಿಗೆ ಮುಂಬೈ ಫುಲ್ ಓಡ್ತೀನ್ರಿ" ಅಂದ. ಫುಲ್ ಅಂದರೆ 42 ಕಿಲೊಮೀಟರಿನ ಪೂರ್ತಿ ಮ್ಯಾರಥಾನ್. ಯಾಕಪ್ಪಾ ಅಂದೆ. ಅವನ ರೂಮಿನ ಗೆಳೆಯ ರೋಡ್ ರೇಸುಗಳಲ್ಲಿ ಬಹುಮಾನ ಹೊಡೆದು ಬೈಕಿನ ಕಂತು ಕಟ್ಟುತ್ತಿದ್ದಾನಂತೆ. ಟ್ರ್ಯಾಕಿನಲ್ಲಿ ಗೆದ್ದರೆ ಒಂದು ಮೆಡಲ್, ಒಂದು ಸರ್ಟಿಫಿಕೇಟ್, ಇಡ್ಲಿ-ವಡೆಯ ಪೊಟ್ಟಣ.

ಸುದ್ದಿ ಊರಿಗೆ ಹೋಯಿತು. ಅವರಪ್ಪ ಒಕ್ಕಲುತನದವರು. ಫೋನ್ ಮಾಡಿ, "ಸರ, ಓಡು ಎತ್ತ ಬ್ಯಾರೆ, ಹೂಡು ಎತ್ತ ಬ್ಯಾರೆ. ಓಡು ಎತ್ತಿಗಿ ನೊಗಾ ಹಾಕಿದ್ರ ಅದು ಎರಡಕ್ಕೂ ಬರೂದಿಲ್ಲ. ನೀವು ಹೇಳ್ರಿ ಅಂವಗ" ಅಂದರು. ಕ್ರೀಡಾಂಗಣದ ಮಾತನ್ನೇ ಅವರು ಇನ್ನೂ ಚೆನ್ನಾಗಿ ಹೇಳಿದರು. ಫುಲ್ ಬೇಡ ಅನ್ನೋದರಲ್ಲಿ ನಾನು ಅವರ ಕಡೆಗೇ ಇದ್ದೇನೆ. ಆದರೆ ಅವರು ಕೊಟ್ಟ ಕಾರಣ ನನ್ನ ಕಾರಣವಲ್ಲ. ಅದನ್ನು ಬಿಡಿಸಿ ಬರೆಯೋಣ ಅಂತ ಕೂತಿದ್ದೇನೆ.

ಮೊದಲು, ಮ್ಯಾರಥಾನ್ ಓಡಿ ಟ್ರ್ಯಾಕಿಗೆ ವಾಪಸ್ ಬಂದವರು ಇಲ್ಲವೇ ಇಲ್ಲ ಅನ್ನುವವರಿಗೆ.

ಇಂಗ್ಲೆಂಡಿನ ಪೌಲಾ ರ‍್ಯಾಡ್‌ಕ್ಲಿಫ್ 2002ರ ಏಪ್ರಿಲ್‌ನಲ್ಲಿ ಲಂಡನ್‌ನಲ್ಲಿ ಮೊದಲ ಮ್ಯಾರಥಾನ್ ಓಡಿದಳು. 2:18:56, ಅಂದರೆ 2 ಗಂಟೆ 18 ನಿಮಿಷ 56 ಸೆಕೆಂಡು. ಅದೇ ವರ್ಷ ಜುಲೈನಲ್ಲಿ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕೂಟದಲ್ಲಿ 5000 ಮೀಟರ್ ಚಿನ್ನ. ಆಗಸ್ಟ್‌ನಲ್ಲಿ ಮ್ಯೂನಿಕ್‌ನಲ್ಲಿ ಯುರೋಪಿಯನ್ ಕೂಟದ 10,000 ಮೀಟರ್ ಚಿನ್ನ, 30:01.09. ಅವಳ ಜೀವನದಲ್ಲೇ ಅತಿ ವೇಗದ 10,000 ಅದು. ಬಂದದ್ದು ಮ್ಯಾರಥಾನ್ ಆದ ನಾಲ್ಕು ತಿಂಗಳಿಗೆ.

ಬ್ರಿಟನ್ನಿನ ಮೊ ಫರಾ 2014ರ ಏಪ್ರಿಲ್‌ನಲ್ಲಿ ಲಂಡನ್ ಮ್ಯಾರಥಾನ್ ಓಡಿ ಎಂಟನೆಯವನಾದಾಗ ಕಥೆ ಮುಗಿಯಿತು ಅಂದವರು ಕಡಿಮೆಯಿರಲಿಲ್ಲ. ಆಗಸ್ಟ್‌ನಲ್ಲಿ ಜ್ಯೂರಿಕ್‌ನಲ್ಲಿ ಯುರೋಪಿಯನ್ 5000, 10,000 ಎರಡೂ ಗೆದ್ದ. 2015ರ ಬೀಜಿಂಗ್ ವಿಶ್ವ ಕೂಟದಲ್ಲಿ ಎರಡೂ, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಎರಡೂ. ಉಗಾಂಡದ ಜೋಶುವಾ ಚೆಪ್ಟೆಗೈ 2023ರ ಡಿಸೆಂಬರ್‌ನಲ್ಲಿ ವೆಲೆನ್ಸಿಯಾದಲ್ಲಿ ಮೊದಲ ಮ್ಯಾರಥಾನ್ ಓಡಿ 37ನೆಯವನಾದ. 5000, 10,000ಗಳ ವಿಶ್ವದಾಖಲೆ ಇಟ್ಟುಕೊಂಡವನು, 37ನೇ ಸ್ಥಾನ! ಎಂಟು ತಿಂಗಳ ನಂತರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರನ್ನು 26:43.14ರಲ್ಲಿ ಓಡಿ, ಒಲಿಂಪಿಕ್ ದಾಖಲೆ ಮಾಡಿ ಚಿನ್ನ ತಗೊಂಡ. ಅದೇ ಪ್ಯಾರಿಸ್‌ನಲ್ಲಿ ನೆದರ್ಲೆಂಡ್ಸ್‌ನ ಸಿಫಾನ್ ಹಸನ್ 5000 ಕಂಚು, 10,000 ಕಂಚು, ಮ್ಯಾರಥಾನ್ ಚಿನ್ನ ಮೂರನ್ನೂ ಒಂದೇ ಕೂಟದಲ್ಲಿ ಗಳಿಸಿದಳು. ಅವಳನ್ನು ಮಾತ್ರ ಉದಾಹರಣೆ ಕೊಡಬಾರದು ಬಿಡಿ, ಅವಳ ಲೆಕ್ಕ ಯಾರಿಗೂ ಹೊಂದೋದಿಲ್ಲ.

"ಅವರೆಲ್ಲಾ ಫಾರಿನ್ ಮಂದಿ ಸರ" ಅಂತ ಹುಡುಗರು ಅನ್ನುತ್ತಾರೆ. ಸರಿ, ಪಕ್ಕದ ಮಹಾರಾಷ್ಟ್ರದ ಸಾತಾರಾಕ್ಕೆ ಬನ್ನಿ. ಲಲಿತಾ ಬಾಬರ್ ಊರು ಆ ಜಿಲ್ಲೆಯ ಮಾಣ ತಾಲೂಕಿನಲ್ಲಿದೆ. ಮಳೆಯ ವಿಷಯದಲ್ಲಿ ನಮ್ಮ ಇಂಡಿ, ಸಿಂದಗಿಯ ಹಾಗೆಯೇ ಬರಗಾಲದ ಸೀಮೆ. ಆಕೆ ಮುಂಬೈ ಮ್ಯಾರಥಾನ್‌ನಲ್ಲಿ ಭಾರತೀಯ ಮಹಿಳೆಯರ ವಿಭಾಗವನ್ನು 2014ರವರೆಗೆ ಸತತ ಮೂರು ಸಲ ಗೆದ್ದರು. ಆಮೇಲೆ ಅಡ್ಡಗಟ್ಟೆ, ನೀರಿನ ಗುಂಡಿ ಹಾರುತ್ತಾ ಟ್ರ್ಯಾಕಿನಲ್ಲಿ ಓಡುವ 3000 ಮೀಟರ್ ಸ್ಟೀಪಲ್‌ಚೇಸ್‌ಗೆ ಇಳಿದರು. ಗಮನಿಸಿ, ಮ್ಯಾರಥಾನ್‌ನಿಂದ ಟ್ರ್ಯಾಕಿಗೆ. ಅದೇ ವರ್ಷ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಪದಕ. 2015ರ ಜನವರಿಯಲ್ಲಿ ಮತ್ತೆ ಮುಂಬೈನಲ್ಲಿ 2:38:21 ಓಡಿ ಗೆದ್ದರು. ಜೂನ್‌ನಲ್ಲಿ ಏಷ್ಯನ್ ಅಥ್ಲೆಟಿಕ್ಸ್ ಕೂಟದಲ್ಲಿ ಸ್ಟೀಪಲ್‌ಚೇಸ್ ಚಿನ್ನ. 2016ರ ರಿಯೊದಲ್ಲಿ ಹೀಟ್ಸ್‌ನಲ್ಲಿ 9:19.76 ಓಡಿ ಫೈನಲ್‌ಗೆ ಹೋದರು. 1984ರ ಪಿ.ಟಿ. ಉಷಾ ನಂತರ ಒಲಿಂಪಿಕ್ಸ್‌ನ ವೈಯಕ್ತಿಕ ಟ್ರ್ಯಾಕ್ ಓಟದಲ್ಲಿ ಹೀಟ್ಸ್, ಅಂದರೆ ಅರ್ಹತಾ ಸುತ್ತು, ದಾಟಿ ಫೈನಲ್ ಮುಟ್ಟಿದ ಮೊದಲ ಭಾರತೀಯರು ಅವರು. ಸುಧಾ ಸಿಂಗ್ ಕೂಡ ಹಾಗೆಯೇ. 2018ರ ಜನವರಿಯಲ್ಲಿ ಮುಂಬೈ ಮ್ಯಾರಥಾನ್, ಆಗಸ್ಟ್‌ನಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್ ಸ್ಟೀಪಲ್‌ಚೇಸ್ ಬೆಳ್ಳಿ. ಗಂಡಸರಲ್ಲಿ ವಯನಾಡಿನ ಟಿ. ಗೋಪಿ 2016ರ ಜನವರಿಯಲ್ಲಿ ಮುಂಬೈನಲ್ಲಿ ರಿಯೊಗೆ ಅರ್ಹತೆ ಗಳಿಸಿ, ಮುಂದಿನ ತಿಂಗಳೇ ದಕ್ಷಿಣ ಏಷ್ಯಾ ಕೂಟದಲ್ಲಿ 10,000 ಮೀಟರ್ ಚಿನ್ನ ಗೆದ್ದರು.

ಹಾಗಾದರೆ ನೊಗ ಹಾಕಿದ ಎತ್ತು ಮತ್ತೆ ಓಡಿದೆ. ಒಂದಲ್ಲ, ಹಲವು.

ಆದರೆ ಆ ತಿಂಗಳುಗಳನ್ನು ಇನ್ನೊಮ್ಮೆ ನೋಡಿ. ಏಪ್ರಿಲ್‌ನಿಂದ ಆಗಸ್ಟ್. ಡಿಸೆಂಬರ್‌ನಿಂದ ಆಗಸ್ಟ್. ಜನವರಿಯಿಂದ ಜೂನ್. ಗೋಪಿಯದು, ಹಸನ್‌ಳದು ಬಿಟ್ಟರೆ ಉಳಿದೆಲ್ಲ ಕಡೆ ನಡುವೆ ಮೂರರಿಂದ ಎಂಟು ತಿಂಗಳಿದೆ. ಆ ತಿಂಗಳುಗಳಲ್ಲಿ ಏನು ಮಾಡಿದರು ಅನ್ನೋದೇ ನಿಜವಾದ ವಿಷಯ, ಅಲ್ವಾ? ಮ್ಯಾರಥಾನ್‌ಗೆ ಮೂರು-ನಾಲ್ಕು ತಿಂಗಳು ತಯಾರಿ ಬೇಕು. ಓಡಿದ ಮೇಲೆ ಕಾಲು ಮೊದಲಿನ ಹಾಗೆ ಆಗಲು ಮೂರು-ನಾಲ್ಕು ವಾರ. ಅದಾದ ಮೇಲೆ 200, 300, 400 ಮೀಟರ್‌ಗಳ ವೇಗದ ಕೆಲಸ ಮೊದಲಿನಿಂದ ಶುರು. ಇದಕ್ಕೆ ಸಮಯ ಇದ್ದವನು ವಾಪಸ್ ಬರುತ್ತಾನೆ.

ಈ ವೇಗದ ಕೆಲಸ ನಿಂತರೆ ಏನಾಗುತ್ತದೆ ಅನ್ನೋದನ್ನು ನನ್ನ ಶೀಟುಗಳಲ್ಲೇ ನೋಡಿದ್ದೇನೆ.

ನನ್ನ ಹಳೆಯ ಶಿಷ್ಯನೊಬ್ಬ ಇದ್ದ. ಈಗ ನೌಕರಿಯಲ್ಲಿದ್ದಾನೆ, ಮದುವೆಯಾಗಿದೆ, ಆರಾಮಾಗಿದ್ದಾನೆ. 5000ದಲ್ಲಿ ಕೊನೆಯ ಸುತ್ತಿನ ಬೆಲ್ ಹೊಡೆದಾಗ ಅವನು ಮೂರನೆಯವನಾಗಿದ್ದರೆ ನಾನು ಶೀಟಿನಲ್ಲಿ ಒಂದು ಅಂತ ಬರೆಯಲು ತಯಾರಾಗುತ್ತಿದ್ದೆ. ಕೊನೆಯ ಸುತ್ತು 61 ಸೆಕೆಂಡು. ಕೈ ಮೇಲೆತ್ತಿ, ಕತ್ತು ಸ್ವಲ್ಪ ಎಡಕ್ಕೆ ವಾಲಿಸಿ, ಮುನ್ನೂರು ಮೀಟರ್ ಬಾಕಿ ಇರುವಾಗಲೇ ಹೊರಡುತ್ತಿದ್ದ. ಆಮೇಲೆ ರೋಡ್ ರೇಸುಗಳ ರುಚಿ ಹತ್ತಿತು. ಒಂದು ಭಾನುವಾರ ಸೋಲಾಪುರ, ಇನ್ನೊಂದು ಭಾನುವಾರ ಕೊಲ್ಹಾಪುರ, ಮತ್ತೊಂದು ಬೆಳಗಾವಿ, ಹುಬ್ಬಳ್ಳಿ, ಕಲಬುರಗಿ. ಎಲ್ಲಾ 10 ಕಿಲೊಮೀಟರ್. ಶನಿವಾರ ರಾತ್ರಿ ಬಸ್, ಭಾನುವಾರ ರೇಸ್, ಸೋಮವಾರ ಕಾಲು ನೋವು, ಮಂಗಳವಾರ ಸುಮ್ನೆ ಜಾಗಿಂಗ್, ಶುಕ್ರವಾರ ಮುಂದಿನ ರೇಸಿಗೆ ರೆಸ್ಟ್. 300 ಮೀಟರ್ ರಿಪಿಟೇಶನ್, ಅಂದರೆ 300 ಮೀಟರನ್ನು ಜೋರಾಗಿ ಮತ್ತೆ ಮತ್ತೆ ಓಡೋದು, ಯಾವತ್ತು ಮಾಡೋದು? ಎರಡು ವರ್ಷಕ್ಕೆ ಅವನ ಶೀಟ್ ನೋಡಿದರೆ ಮಧ್ಯದ ಸುತ್ತುಗಳು ಒಂದಕ್ಕೊಂದು ಅರ್ಧ ಸೆಕೆಂಡೂ ವ್ಯತ್ಯಾಸ ಇಲ್ಲ, ಸ್ಕೇಲ್ ಇಟ್ಟು ಬರೆದ ಹಾಗೆ 71, 71, 71. ಕೊನೆಯ ಸುತ್ತು 67. ಬೆಲ್ ಹೊಡೆದಾಗ ಮೊದಲನೆಯವನು, ಮುಗಿಸಿದಾಗ ನಾಲ್ಕನೆಯವನು.

ಅವನು ಒಂದೇ ಒಂದು ಮ್ಯಾರಥಾನ್ ಓಡಿರಲಿಲ್ಲ.

ಕ್ರೀಡಾಂಗಣದ ಮಾತಿಗೂ ನನಗೂ ಜಗಳ ಇರೋದು ಇಲ್ಲಿ. ಬೈಸಿಕೊಳ್ಳೋದು ಮ್ಯಾರಥಾನ್, ಕೆಡಿಸೋದು ಪ್ರತಿ ಭಾನುವಾರದ ಬಹುಮಾನದ ರೇಸ್. ಮ್ಯಾರಥಾನ್ ಓಡುವವನು ವರ್ಷಕ್ಕೆ ಎರಡು ಓಡುತ್ತಾನೆ, ಅದಕ್ಕಿಂತ ಜಾಸ್ತಿ ಮೈ ತಡೆಯೋದಿಲ್ಲ. ಹಾಗಾಗಿ ಅವನ ವರ್ಷಕ್ಕೆ ಒಂದು ಲೆಕ್ಕ ಇರುತ್ತದೆ. 10ಕೆ ಓಡುವವನಿಗೆ ಲೆಕ್ಕವೇ ಇಲ್ಲ, ವಾರಕ್ಕೊಂದು ಓಡಬಹುದು, ಓಡುತ್ತಾನೆ. ಐದು ಸಾವಿರ, ಹತ್ತು ಸಾವಿರ ಕೈಗೆ ಬರುತ್ತದೆ. ಬಡವರ ಮನೆಯ ಹುಡುಗರು, ಬೇಡ ಅನ್ನೋಕೆ ನನಗೆ ಯಾವ ಬಾಯಿ? ಆದರೆ ನೌಕರಿಗೆ ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕುವಾಗ ಕೇಳೋದು ರಾಷ್ಟ್ರೀಯ ಕೂಟ, ಅಂತರ ವಿಶ್ವವಿದ್ಯಾಲಯ ಕೂಟದ ಪದಕ. ಯಾವುದೋ ಊರಿನ ರನ್‌ನ ಟೀ ಶರ್ಟು, ದೊಡ್ಡ ಅಕ್ಷರದ ಚೆಕ್ಕಿನ ಫೋಟೊ ಅಲ್ಲಿ ನಡೆಯೋದಿಲ್ಲ.

ಕೊನೆಯ ಸುತ್ತು ಯಾಕೆ ಹೋಗುತ್ತದೆ ಅನ್ನೋದು ಕಷ್ಟದ ವಿಷಯವೇನಲ್ಲ. ಸ್ನಾಯುವಿನಲ್ಲಿ ನಿಧಾನಕ್ಕೆ, ಬಹಳ ಹೊತ್ತು ಕೆಲಸ ಮಾಡುವ ಎಳೆಗಳಿವೆ. ಥಟ್ಟಂತ ಜೋರು ಕೊಟ್ಟು ಬೇಗ ದಣಿಯುವ ಎಳೆಗಳೂ ಇವೆ. ಉದ್ದ ಓಟ ಮೊದಲನೆಯವನ್ನು ಬೆಳೆಸುತ್ತದೆ. ಎರಡನೆಯವನ್ನು ಕೆಲಸಕ್ಕೆ ಕರೆಯದೆ ಬಿಟ್ಟರೆ ಅವು ಸೋಮಾರಿಯಾಗುತ್ತವೆ, ನರಗಳಿಗೂ ಅವನ್ನು ಒಟ್ಟಿಗೆ ಎಬ್ಬಿಸುವ ರೂಢಿ ತಪ್ಪುತ್ತದೆ. 22ರ ವಯಸ್ಸಿನಲ್ಲಿ ಕೆಲವು ತಿಂಗಳು ಕಷ್ಟಪಟ್ಟರೆ ವಾಪಸ್ ಬರುತ್ತವೆ. 35 ದಾಟಿದ ಮೇಲೆ ಬರೋದು ಕಷ್ಟ. ಮೊ ಫರಾನನ್ನೇ ನೋಡಿ. 31ರಲ್ಲಿ ಒಂದು ಮ್ಯಾರಥಾನ್ ಓಡಿ ನಾಲ್ಕು ತಿಂಗಳಲ್ಲಿ ಟ್ರ್ಯಾಕಿನಲ್ಲಿ ಗೆದ್ದ. 2017ರ ನಂತರ ಪೂರ್ತಿ ಮ್ಯಾರಥಾನ್‌ಗೆ ಹೋದ, 2018ರಲ್ಲಿ ಷಿಕಾಗೊ ಗೆದ್ದ, 2:05:11. ಆಮೇಲೆ ಟೋಕಿಯೊ ಒಲಿಂಪಿಕ್ಸ್‌ಗೆ ಅಂತ 38ರಲ್ಲಿ ಮತ್ತೆ 10,000ಕ್ಕೆ ಬಂದಾಗ ಅರ್ಹತೆಯ ಸಮಯವೇ ಸಿಗಲಿಲ್ಲ. ಓಟಗಾರ ಅವನೇ. ದಾರಿಯೂ ಅದೇ. ವಯಸ್ಸು, ದೂರವಿದ್ದ ವರ್ಷಗಳು ಬೇರೆ.

ಇನ್ನೊಂದು ವಿಷಯ ಈಗಿನ ಕಾಲದ್ದು, ಬೂಟು. 2017ರ ಸುಮಾರಿಗೆ ಬಂದ ಕಾರ್ಬನ್ ಪ್ಲೇಟಿನ ರೋಡ್ ಬೂಟಿನಲ್ಲಿ ಹಿಮ್ಮಡಿಯ ಕೆಳಗೆ 40 ಮಿಲಿಮೀಟರ್‌ವರೆಗೆ ದಪ್ಪ ಇರಬಹುದು. ಟ್ರ್ಯಾಕಿನಲ್ಲಿ 20 ಮಿಲಿಮೀಟರ್ ದಾಟುವ ಹಾಗಿಲ್ಲ, 2024ರ ನವೆಂಬರ್‌ನಿಂದ ಎಲ್ಲಾ ಟ್ರ್ಯಾಕ್ ಸ್ಪರ್ಧೆಗೂ ಅದೇ ನಿಯಮ. ವರ್ಷವಿಡೀ ಆ ಮೆತ್ತನೆಯ ಬೂಟಿನಲ್ಲಿ ಓಡಿದ ಮೀನಖಂಡಕ್ಕೆ ಒಮ್ಮೆಲೇ ಸ್ಪೈಕ್, ಅಂದರೆ ಮೊಳೆಯಿರುವ ತೆಳು ಟ್ರ್ಯಾಕ್ ಬೂಟು, ಹಾಕಿಸಿದರೆ ಅದು ಮರುದಿನವೇ ಉತ್ತರ ಕೊಡುತ್ತದೆ. ಆ ಬೂಟಿಗೆ ಕೊಡುವ ದುಡ್ಡಿನಲ್ಲಿ ನಮ್ಮ ಹುಡುಗರ ಹಲವು ತಿಂಗಳ ಹಾಲು-ಮೊಟ್ಟೆಯ ಖರ್ಚು ನಡೆಯುತ್ತದೆ, ಆ ಮಾತು ಬೇರೆ.

ಕೆಟ್ಟುಹೋದವರ ಕಥೆಯೂ ಹೇಳಬೇಕಲ್ಲ. ಅಮೆರಿಕದ ಅಲ್ಬರ್ಟೊ ಸಲಾಜಾರ್ 1982ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಡಿಕ್ ಬಿಯರ್ಡ್‌ಸ್ಲಿಯನ್ನು ಎರಡು ಸೆಕೆಂಡಿನಿಂದ ಸೋಲಿಸಿದ. ಬಿಸಿಲಲ್ಲಿ ನೀರು ಕುಡಿಯದೆ ಓಡಿ ಕೊನೆಗೆ ಸಲೈನ್ ಏರಿಸಬೇಕಾಯಿತು. ಅದೇ ಬೇಸಿಗೆಯಲ್ಲಿ 5000, 10,000 ಎರಡರಲ್ಲೂ ಅಮೆರಿಕದ ದಾಖಲೆ ಮಾಡಿದ. ಅಂದರೆ ಆ ವರ್ಷ ಮ್ಯಾರಥಾನ್ ಅವನ ಟ್ರ್ಯಾಕನ್ನು ಮುಟ್ಟಲೇ ಇಲ್ಲ. ಅಕ್ಟೋಬರ್‌ನಲ್ಲಿ ಮತ್ತೆ ನ್ಯೂಯಾರ್ಕ್ ಓಡಿ ಗೆದ್ದ. ಅಲ್ಲಿಂದ ಇಳಿಜಾರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ 15ನೆಯವನು, ವಯಸ್ಸು ಇನ್ನೂ 26. ಆಮೇಲೆ ಕೋಚ್ ಆಗಿ ಉದ್ದೀಪನ ಮದ್ದಿನ ವಿಷಯದಲ್ಲಿ ನಿಷೇಧಕ್ಕೊಳಗಾದ, ಅದು ಬೇರೆ ಪುರಾಣ. ನನಗೆ ಅವನ ಕಥೆಯಲ್ಲಿ ಕಾಣೋದು ಒಂದೇ. ಒಂದೇ ವರ್ಷದಲ್ಲಿ ಎಲ್ಲವನ್ನೂ ಪೂರ್ತಿ ಹಿಂಡಿದ. ರಸ್ತೆ, ಟ್ರ್ಯಾಕ್, ಮತ್ತೆ ರಸ್ತೆ. ನಡುವೆ ಸೂಟಿಯೇ ಇಲ್ಲ.

ಈಗ ನಮ್ಮ ಹುಡುಗನ ಶೀಟಿಗೆ ಬರುತ್ತೇನೆ. ಅವನ 14:48 ಹೀಗಿದೆ. ಮೊದಲ ಅರ್ಧ ಸುತ್ತು 34. ಆಮೇಲೆ 69, 70, 71, 71, 72. ಆರನೇ ಸುತ್ತಿನಿಂದ ಜಾರುತ್ತದೆ: 73, 74, 74, 73, 73. ಹನ್ನೊಂದನೆಯದು 72. ಬೆಲ್ ಹೊಡೆದ ಮೇಲೆ 62.

ಈ 62 ನೋಡಿ ನನಗೆ ಸಿಟ್ಟೂ ಬಂತು, ಖುಷಿಯೂ ಆಯಿತು. ಕೊನೆಯಲ್ಲಿ 62 ಓಡುವವನ ಹತ್ತಿರ ಮಧ್ಯದಲ್ಲಿ 74 ಓಡಲು ಕಾರಣವೇ ಇಲ್ಲ. ಕಾಲಿನಲ್ಲಿ ವೇಗ ಇದೆ, ಮಧ್ಯದಲ್ಲಿ ಗಮನ ಹೋಗುತ್ತದೆ, ದಮ್ಮೂ ಸ್ವಲ್ಪ ಕಡಿಮೆ ಇದೆ. ಮಧ್ಯದ ಐದು ಸುತ್ತು 71ಕ್ಕೆ ಬಂದರೆ ಸಾಕು, 14:36. ಅದಕ್ಕೆ ಬೇಕಾದ್ದು ಎರಡು ಚಳಿಗಾಲದ ಗುಡ್ಡಗಾಡು ಓಟ, ವಾರಕ್ಕೊಮ್ಮೆ ಹದಿನೆಂಟು-ಇಪ್ಪತ್ತು ಕಿಲೊಮೀಟರಿನ ಉದ್ದ ಓಟ. ಇಷ್ಟೇ. ಟ್ರ್ಯಾಕಿನಲ್ಲಿ ಅವನು ಇನ್ನೂ ಅರ್ಧ ದಾರಿಯಲ್ಲಿದ್ದಾನೆ.

ನನ್ನ ಹಳೆಯ ಶಿಷ್ಯನ ಶೀಟ್ ಇದಕ್ಕೆ ತದ್ವಿರುದ್ಧ. 71, 71, 71, ಕೊನೆಗೆ 67. ಅಂಥವನು ಬಂದು ಮ್ಯಾರಥಾನ್ ಓಡ್ತೀನಿ ಅಂದಿದ್ದರೆ ಹೋಗು ಅನ್ನುತ್ತಿದ್ದೆ. ಮಧ್ಯದ ಸುತ್ತುಗಳು ಸಲೀಸಾಗುತ್ತಾ ಹೋಗಿ, ಕೊನೆಯ ಸುತ್ತು ಎಷ್ಟು ತಿದ್ದಿದರೂ ಮುಂದೆ ಬರದಿದ್ದರೆ, ಆ ಓಟಗಾರನ ಜಾಗ ಉದ್ದ ದೂರದಲ್ಲಿದೆ ಅಂತ ನನ್ನ ಲೆಕ್ಕ. ಇದು ಯಾವ ಪುಸ್ತಕದ ಮಾತೂ ಅಲ್ಲ, ಶೀಟ್ ಬರೆದು ಬರೆದು ಬಂದದ್ದು. ಕೀನ್ಯಾದ ಪಾಲ್ ಟೆರ್ಗಾಟ್‌ನ ಓಟ ನೋಡಿದವರಿಗೆ ಗೊತ್ತಿರುತ್ತದೆ. ಅಟ್ಲಾಂಟಾ 1996, ಸಿಡ್ನಿ 2000, ಎರಡೂ ಒಲಿಂಪಿಕ್ಸ್‌ನ 10,000ದಲ್ಲಿ ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿಯ ಹಿಂದೆ ಬೆಳ್ಳಿ. ಸಿಡ್ನಿಯಲ್ಲಿ ಸೋತದ್ದು ಸೆಕೆಂಡಿನ ನೂರರಲ್ಲಿ ಒಂಬತ್ತು ಪಾಲಿನಿಂದ. ಇಪ್ಪತ್ತೈದು ಸುತ್ತು ಓಡಿ ಇಷ್ಟಕ್ಕೆ ಸೋಲೋದು ಅಂದರೆ ನೋಡಿ! ಅವನೇ 2003ರಲ್ಲಿ ಬರ್ಲಿನ್‌ನಲ್ಲಿ 2:04:55 ಓಡಿ ಮ್ಯಾರಥಾನ್ ವಿಶ್ವದಾಖಲೆ ಮಾಡಿದ. ಹೈಲೆ ಕೂಡ ಆಮೇಲೆ ರಸ್ತೆಗೇ ಬಂದು 2007, 2008ರಲ್ಲಿ ಆ ದಾಖಲೆಯನ್ನು ತನ್ನದಾಗಿಸಿಕೊಂಡ, ಎರಡನೆಯ ಸಲ 2:03:59.

ಮ್ಯಾರಥಾನ್‌ನ ದೊರೆ ಅನ್ನಿಸಿಕೊಂಡ ಕೀನ್ಯಾದ ಎಲಿಯುಡ್ ಕಿಪ್ಚೋಗೆ ಹೆಸರು ಹೇಳದಿದ್ದರೆ ಹುಡುಗರು ಬಿಡೋದಿಲ್ಲ. 2003ರಲ್ಲಿ 18ರ ಹುಡುಗ, ಪ್ಯಾರಿಸ್ ವಿಶ್ವ ಕೂಟದ 5000ದಲ್ಲಿ ಎಲ್ ಗೆರೂಜ್, ಬೆಕೆಲೆ ಇಬ್ಬರನ್ನೂ ಸೋಲಿಸಿದ. ಮುಂದೆ ಒಲಿಂಪಿಕ್ಸ್‌ನಲ್ಲಿ ಒಂದು ಕಂಚು, ಒಂದು ಬೆಳ್ಳಿ. 2012ರಲ್ಲಿ ಕೀನ್ಯಾದ ಒಲಿಂಪಿಕ್ಸ್ ತಂಡದಲ್ಲೇ ಜಾಗ ಸಿಗಲಿಲ್ಲ. 2013ರಲ್ಲಿ ಹ್ಯಾಂಬರ್ಗ್‌ನಲ್ಲಿ ಮೊದಲ ಮ್ಯಾರಥಾನ್ ಗೆದ್ದ. ಉಳಿದದ್ದು ಎಲ್ಲರಿಗೂ ಗೊತ್ತು. ನಾನು ಹೇಳೋದು ಹೋದ ಸಮಯದ ಬಗ್ಗೆ. ಹತ್ತು ವರ್ಷ ಟ್ರ್ಯಾಕಿನಲ್ಲಿ ಸಿಗಬೇಕಾದ್ದನ್ನೆಲ್ಲ ಪಡೆದು, ಅಲ್ಲಿ ಬಾಗಿಲು ಮುಚ್ಚಿದ ಮೇಲೆ ಹೋದ.

ಆ ಹತ್ತು ವರ್ಷ ಸುಮ್ನೆ ಹೋಗಲಿಲ್ಲ ಅನ್ನೋದಕ್ಕೆ ಒಂದು ಸಣ್ಣ ಲೆಕ್ಕ. ಮ್ಯಾರಥಾನ್ 42.195 ಕಿಲೊಮೀಟರ್, 400 ಮೀಟರಿನ ಸುತ್ತಿನಲ್ಲಿ ಹತ್ತಿರ ಹತ್ತಿರ ನೂರೈದೂವರೆ ಸುತ್ತು. 2022ರಲ್ಲಿ ಬರ್ಲಿನ್‌ನಲ್ಲಿ ಅವನ ಸಮಯ 2:01:09. ಭಾಗಿಸಿ ನೋಡಿ, ಸುತ್ತಿಗೆ 69 ಸೆಕೆಂಡು. ನಮ್ಮ ಹುಡುಗ ಬರೀ ಹನ್ನೆರಡೂವರೆ ಸುತ್ತು ಓಡುವಾಗ ಸರಾಸರಿ 71! ಈ ಲೆಕ್ಕವನ್ನು ಅವನ ಮುಂದೆ ನೋಟ್‌ಬುಕ್‌ನಲ್ಲಿ ಮಾಡಿ ತೋರಿಸಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಂವ ಮನಷ್ಯಾ ಅಲ್ಲ ಬಿಡ್ರಿ ಸರ" ಅಂದ. ಅಲ್ಲಪ್ಪಾ, ಮೊದಲು ವೇಗ ಕಟ್ಟಿದ, ಆಮೇಲೆ ಅದನ್ನು ಉದ್ದ ಮಾಡಿದ. 71 ಕಷ್ಟಪಟ್ಟು ಓಡುವವನಿಗೆ ಮ್ಯಾರಥಾನ್‌ನಲ್ಲಿ ಸಿಗೋದು 80ರ ಆಸುಪಾಸಿನ ಸುತ್ತು. 67 ಸಲೀಸಾಗಿ ಓಡುವವನಿಗೆ 75 ಸಿಕ್ಕೀತು. ಸುತ್ತಿಗೆ 75 ಅಂದರೆ ಎಷ್ಟು ಗೊತ್ತಾ? 2 ಗಂಟೆ 12 ನಿಮಿಷ. 1978ರಲ್ಲಿ ಜಲಂಧರ್‌ನಲ್ಲಿ ಶಿವನಾಥ್ ಸಿಂಗ್ ಓಡಿದ ಸಮಯ, ನಾಲ್ಕು ದಶಕಕ್ಕೂ ಹೆಚ್ಚು ಕಾಲ ಯಾವ ಭಾರತೀಯನಿಗೂ ಮುರಿಯಲಾಗದ ರಾಷ್ಟ್ರೀಯ ದಾಖಲೆ. ಆ ಶಿವನಾಥ್ ಸಿಂಗ್ ಕೂಡ ಮೊದಲು ಟ್ರ್ಯಾಕಿನವರೇ. 1974ರ ಟೆಹ್ರಾನ್ ಏಷ್ಯನ್ ಗೇಮ್ಸ್‌ನಲ್ಲಿ 5000 ಚಿನ್ನ, 10,000 ಬೆಳ್ಳಿ. ಎರಡು ವರ್ಷಕ್ಕೆ ಮಾಂಟ್ರಿಯಲ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ 11ನೇ ಸ್ಥಾನ.

ಟ್ರ್ಯಾಕ್ ಮುಟ್ಟದೆಯೂ ಆಗುತ್ತದೆ ಅಂತ ವಾದ ಮಾಡುವವರಿಗೆ ಕೀನ್ಯಾದ ಕೆಲ್ವಿನ್ ಕಿಪ್ಟಮ್ ಇದ್ದಾನೆ. ರಸ್ತೆಯಲ್ಲೇ ಬೆಳೆದು 2023ರಲ್ಲಿ ಷಿಕಾಗೊದಲ್ಲಿ 2:00:35 ಓಡಿ ವಿಶ್ವದಾಖಲೆ ಮಾಡಿದ, ಮರು ವರ್ಷ ಕಾರು ಅಪಘಾತದಲ್ಲಿ ತೀರಿಕೊಂಡ. 24 ವಯಸ್ಸು. ಅವನ ದಾರಿ ತಪ್ಪು ಅಂತ ಹೇಳಲು ನಾನ್ಯಾರು? ಆದರೆ ಅವನಿದ್ದ ಜಾಗ ಬೇರೆ. ಅಲ್ಲಿ ಜೊತೆಗೆ ಓಡಲು ಗುಂಪಿದೆ, ಎತ್ತರದ ಜಾಗದ ತಂಪು ಇದೆ, ಮಣ್ಣಿನ ದಾರಿಯಿದೆ. ನಮ್ಮಲ್ಲಿ ಮೂವತ್ತೈದು ಕಿಲೊಮೀಟರ್ ಓಡಿಸಬೇಕೆಂದರೆ ಎಲ್ಲಿ ಓಡಿಸೋದು? ಸೋಲಾಪುರ ರಸ್ತೆಯ ಬದಿಯಲ್ಲಾ? ನವೆಂಬರ್‌ನಿಂದ ಕಬ್ಬಿನ ಹಂಗಾಮು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಹಿಂದೆ ಲೈಟಿಲ್ಲ, ಮುಂದೆ ದೊಡ್ಡ ಸ್ಪೀಕರಿನಲ್ಲಿ ಹಾಡು. ಹಿಂದಿನಿಂದ ಹಾರ್ನ್ ಹೊಡೆದರೆ ಅವನಿಗೆ ಕೇಳೋದಿಲ್ಲ, ಓಡುವವನು ಕೂಗಿದರೆ ಕೇಳುತ್ತದೆಯೇ? ಫೆಬ್ರುವರಿ ಕಳೆದ ಮೇಲೆ ಬೆಳಗ್ಗೆ ಎಂಟಕ್ಕೇ ಬಿಸಿಲು ನೆತ್ತಿ ಸುಡುತ್ತದೆ. ಭೂತನಾಳ ಕೆರೆಯ ಕಡೆ ಹೋದರೆ ಹದಿನೈದು-ಇಪ್ಪತ್ತು ಕಿಲೊಮೀಟರ್ ಆರಾಮಾಗಿ ಆಗುತ್ತದೆ, ಅದರ ಮೇಲೆ ಅಲ್ಲೇ ತಿರುಗಿದ ಜಾಗ ತಿರುಗಬೇಕು. ಆಮೇಲೆ ಅವನು ವಾಪಸ್ ರೂಮಿಗೆ ಹೋಗಿ ತಾನೇ ಅಡುಗೆ ಮಾಡಿಕೊಂಡು ಹತ್ತಕ್ಕೆ ಕಾಲೇಜಿಗೆ ಹೋಗಬೇಕು. ವಾರಕ್ಕೆ ನೂರೈವತ್ತು ಕಿಲೊಮೀಟರ್ ಓಡುವ ದೇಹಕ್ಕೆ ಮಧ್ಯಾಹ್ನದ ನಿದ್ದೆಯೂ ಬೇಕು. ಅದನ್ನು ಯಾರು ಕೊಡುತ್ತಾರೆ?

ಹಾಫ್ ಮ್ಯಾರಥಾನ್, ಅಂದರೆ 21 ಕಿಲೊಮೀಟರಿನ ಓಟ, ಅದರ ಬಗ್ಗೆ ನನಗೆ ಅಷ್ಟು ಹೆದರಿಕೆ ಇಲ್ಲ. ಬೀಡ್ ಜಿಲ್ಲೆಯ ಅವಿನಾಶ್ ಸಾಬಳೆ 2020ರ ನವೆಂಬರ್‌ನಲ್ಲಿ ದೆಹಲಿ ಹಾಫ್‌ನಲ್ಲಿ 1:00:30 ಓಡಿ ರಾಷ್ಟ್ರೀಯ ದಾಖಲೆ ಮಾಡಿದರು. ನಾಲ್ಕು ತಿಂಗಳಿಗೆ ಫೆಡರೇಶನ್ ಕಪ್‌ನಲ್ಲಿ ತಮ್ಮದೇ ಸ್ಟೀಪಲ್‌ಚೇಸ್ ದಾಖಲೆ ಮುರಿದರು. ಟೋಕಿಯೊದಲ್ಲಿ ಮತ್ತೆ ಮುರಿದರು. 2022ರಲ್ಲಿ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಬೆಳ್ಳಿ, 2024ರಲ್ಲಿ 8:09.91. ಚಳಿಗಾಲದಲ್ಲಿ ಒಂದು ಒಳ್ಳೆಯ ಹಾಫ್ ಓಡಿದರೆ ಮಧ್ಯದ ಸುತ್ತುಗಳಿಗೆ ಬೇಕಾದ ದಮ್ಮು ಬರುತ್ತದೆ, ಕಾಲು ಹತ್ತು ದಿನದಲ್ಲಿ ಸರಿಹೋಗುತ್ತದೆ. ನಮ್ಮ ಹುಡುಗನಿಗೆ ಬೇಕಾಗಿರೋದು ಅದೇ.

ಹಾಗಾಗಿ ಅವರಪ್ಪನಿಗೆ ಫೋನ್ ಮಾಡಿ ಹೇಳಿದೆ. ಈ ಚಳಿಗಾಲಕ್ಕೆ ಒಂದು ಹಾಫ್, ಒಂದೇ. ಭಾನುವಾರದ ರೇಸು ತಿಂಗಳಿಗೆ ಒಂದಕ್ಕಿಂತ ಜಾಸ್ತಿ ಇಲ್ಲ, ಅದೂ ವಿಜಯಪುರ, ಬಾಗಲಕೋಟೆ, ಬೆಳಗಾವಿ ಬಿಟ್ಟು ಆಚೆ ಬಸ್ ಹತ್ತೋ ಹಾಗಿಲ್ಲ. ಮಂಗಳವಾರದ 300 ಮೀಟರ್ ಯಾವ ಕಾರಣಕ್ಕೂ ತಪ್ಪೋ ಹಾಗಿಲ್ಲ. ಫುಲ್ ಮ್ಯಾರಥಾನ್ ಮಾತು 25 ಆದ ಮೇಲೆ, ಅದೂ ಶೀಟ್ ನೋಡಿ. "ಅಂದ್ರ ನೊಗಾ ಹಾಕೂದು ಹಾಕೂದೇ ಅನ್ರಿ" ಅಂತ ನಕ್ಕರು. ಹೌದು ಯಜಮಾನ್ರೇ, ಹಾಕೂದೇ, ಈಗಲ್ಲ ಅಂದೆ. ಬಹುಮಾನದ ದುಡ್ಡು ತಪ್ಪುತ್ತದಲ್ಲ, ಅದಕ್ಕೇನು ಅಂತ ಅವರು ಕೇಳಲಿಲ್ಲ. ಕೇಳಿದ್ದರೆ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ.

ಹುಡುಗ ಮಾತ್ರ ಇನ್ನೂ ಪೂರ್ತಿ ಒಪ್ಪಿಲ್ಲ. ಮೊನ್ನೆ ಎಲ್ಲಿಂದಲೋ ಓದಿಕೊಂಡು ಬಂದ. "ಸರ, ಝಟೋಪೆಕ್ ಅಂತ ಒಬ್ಬಾಂವ 1952ರಾಗ ಹೆಲ್ಸಿಂಕಿಯೊಳಗ ಜೀವನದಾಗ ಮೊದಲ್ನೇ ಸಲ ಮ್ಯಾರಥಾನ್ ಓಡಿ ಚಿನ್ನ ಗೆದ್ದಾನಂತ. ತಯಾರಿ ಗಿಯಾರಿ ಏನೂ ಇಲ್ಲದ. ಅಂವಗ ಯಾರೂ ಬ್ಯಾಡ ಅನ್ನಲಿಲ್ಲೇನ್ರಿ?"

ಗೆದ್ದಾನೆ, ಹೌದು ಅಂದೆ. ಅದಕ್ಕಿಂತ ಮುಂಚೆ ಅದೇ ಕೂಟದಲ್ಲಿ 10,000 ಗೆದ್ದಿದ್ದ, 5000 ಗೆದ್ದಿದ್ದ. ನೀನೂ ಮೊದಲು ಯೂನಿವರ್ಸಿಟಿ 10,000 ಗೆದ್ದು ಬಾ, ಮುಂಬೈ ಫಾರ್ಮಿನ ಫೀ ನಾನೇ ತುಂಬ್ತೀನಿ. ಅವನು ಈ ಮಾತನ್ನು ಆಗಲೇ ಕ್ರೀಡಾಂಗಣದ ತುಂಬಾ ಹೇಳಿಕೊಂಡು ಬಂದಿದ್ದಾನೆ. ಫೀ ಎಷ್ಟಿದೆ ಅಂತ ನಾನಿನ್ನೂ ನೋಡಿಲ್ಲ.